ರಾಗಿ ಸಂಗ್ರಹದ ಆನುವಂಶಿಕ ವೈವಿಧ್ಯವನ್ನು ಅಳೆಯಲು ಯಾವ ವಿಧಾನವನ್ನು ಆರಿಸಿಕೊಳ್ಳಬೇಕು?

ಇನ್ನೂರು ರಾಗಿ ತಳಿಗಳ ಸಂಗ್ರಹವೊಂದರಲ್ಲಿ ಎಷ್ಟು ಆನುವಂಶಿಕ ವೈವಿಧ್ಯವಿದೆ ಎಂದು ತಿಳಿಯಲು ಇಂದು ಹಲವು ದಾರಿಗಳಿವೆ. ತಳಿಗಳನ್ನು ಹೊಲದಲ್ಲಿ ಬೆಳೆಸಿ ತೆನೆ, ಇಲುಕು (ತೆನೆಯ ಬೆರಳಿನಂತಹ ಕವಲು), ತೆಂಡೆ (ಬುಡದಿಂದ ಒಡೆಯುವ ಕವಲು)ಗಳನ್ನು ಅಳೆಯಬಹುದು. ವಂಶಾವಳಿಯ ದಾಖಲೆಗಳಿಂದ ಅವುಗಳ ನಂಟನ್ನು ಲೆಕ್ಕ ಹಾಕಬಹುದು. ಎಲೆಯಿಂದ ಡಿಎನ್‌ಎ ಬೇರ್ಪಡಿಸಿ ಕೆಲವು ಡಜನ್ ಎಸ್‌ಎಸ್‌ಆರ್ ಮಾರ್ಕರ್‌ಗಳನ್ನೋ ಸಾವಿರಾರು ಎಸ್‌ಎನ್‌ಪಿಗಳನ್ನೋ ಓದಬಹುದು. ಮಾರ್ಕರ್ ಎಂದರೆ ತಳಿಗಳ ನಡುವೆ ವ್ಯತ್ಯಾಸ ತೋರುವ ಡಿಎನ್‌ಎಯ ಗುರುತಿನ ಜಾಗ; ಎಸ್‌ಎಸ್‌ಆರ್‌ನಲ್ಲಿ ಚಿಕ್ಕ ತುಣುಕೊಂದು ಎಷ್ಟು ಬಾರಿ ಮರುಕಳಿಸುತ್ತದೆ ಎಂಬುದು ಬೇರೆಯಾಗುತ್ತದೆ, ಎಸ್‌ಎನ್‌ಪಿಯಲ್ಲಿ ಒಂದೇ ಅಕ್ಷರ. ಒಂದೇ ಸಂಗ್ರಹದ ಮೇಲೆ ಈ ಮೂರನ್ನೂ ಪ್ರಯೋಗಿಸಿದರೆ ಮೂರು ಬಗೆಯ ಗುಂಪುಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಅದರಲ್ಲಿ ಒಂದು ಸರಿ, ಉಳಿದೆರಡು ತಪ್ಪು ಎಂದು ತೀರ್ಮಾನಿಸಬೇಕಾಗಿಲ್ಲ, ಏಕೆಂದರೆ ಅವು ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. ಆದ್ದರಿಂದ ಯಾವ ವಿಧಾನ ಉತ್ತಮ ಎಂದು ಕೇಳುವ ಮೊದಲು, ಅಳತೆ ಮುಗಿದ ಮೇಲೆ ಯಾವ ನಿರ್ಧಾರ ಕೈಗೊಳ್ಳಬೇಕಾಗಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸಂಕರಣಕ್ಕೆ ತಂದೆ ತಾಯಿ ತಳಿಗಳನ್ನು ಆರಿಸುವುದು, ಜೀನ್ ಬ್ಯಾಂಕಿನಲ್ಲಿ ನಕಲು ತಳಿಗಳನ್ನು ಗುರುತಿಸುವುದು, ಬಿಡುಗಡೆಯಾದ ತಳಿಗಳ ಆನುವಂಶಿಕ ತಳಹದಿ ಕಿರಿದಾಗುತ್ತಿದೆಯೇ ಎಂದು ನೋಡುವುದು, ರೈತರ ನಾಟಿ ತಳಿಯ ಒಳಗಿನ ಮಿಶ್ರಣವನ್ನು ಅರಿಯುವುದು, ಇವು ನಾಲ್ಕು ಬೇರೆ ಕೆಲಸಗಳು.

ಇಲ್ಲಿ ರಾಗಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿರುವುದಕ್ಕೆ ಕಾರಣಗಳಿವೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ರಾಗಿಯ ತಳಿ ಅಭಿವೃದ್ಧಿಯ ಬಹುಪಾಲು ಇತಿಹಾಸವೂ ಹೆಬ್ಬಾಳ, ಮಂಡ್ಯ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಗಳಲ್ಲಿಯೇ ನಡೆದಿದೆ. ಜೊತೆಗೆ, ಅಳತೆಯ ವಿಧಾನಗಳ ಬಲವನ್ನೂ ದೌರ್ಬಲ್ಯವನ್ನೂ ರಾಗಿಯಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಬೆಳೆಗಳು ಕಡಿಮೆ. ಅದು ಹೆಚ್ಚೂಕಡಿಮೆ ಪೂರ್ಣವಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ತನ್ನಷ್ಟಕ್ಕೆ ಆಗುವ ಪರಕೀಯ ಸಂಕರಣ ಶೇಕಡಾ 1ರ ಆಸುಪಾಸಿನಲ್ಲಿದೆ. ಅದರ 36 ವರ್ಣತಂತುಗಳು ಎ ಮತ್ತು ಬಿ ಎಂಬ ಎರಡು ಪೂರ್ವಜ ಜೀನೋಮ್‌ಗಳಿಂದ (ಡಿಎನ್‌ಎಯ ಪೂರ್ಣ ಗುಚ್ಛಗಳಿಂದ) ಬಂದಿವೆ. ಮೂಲ ನೆಲೆ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವಾದ್ದರಿಂದ ಆಫ್ರಿಕಾದ ರಾಗಿಗೂ ಇಲ್ಲಿನ ರಾಗಿಗೂ ನಡುವೆ ಸಾವಿರಾರು ವರ್ಷಗಳ ಅಗಲಿಕೆ ಇದೆ.

ಹೊಲದ ಅಳತೆ ಮತ್ತು ಮಹಾಲನೋಬಿಸ್ ಅಂತರ

ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ವಿಧಾನ ಇದು. ಐವತ್ತು ಶೇಕಡಾ ಹೂ ಬರುವ ದಿನ, ಗಿಡದ ಎತ್ತರ, ತೆಂಡೆಗಳ ಸಂಖ್ಯೆ, ತೆನೆಯಲ್ಲಿನ ಇಲುಕುಗಳ ಸಂಖ್ಯೆ, ಇಲುಕಿನ ಉದ್ದ, ತೆನೆಯ ತೂಕ, ಕಾಳಿನ ಇಳುವರಿ ಮೊದಲಾದ ಲಕ್ಷಣಗಳನ್ನು ಅಳೆದು, ಡಿ-ವರ್ಗ ಎಂದು ಕರೆಯುವ ಮಹಾಲನೋಬಿಸ್ ಅಂತರವನ್ನು ಪ್ರತಿ ಜೋಡಿ ತಳಿಗೂ ಲೆಕ್ಕ ಹಾಕಲಾಗುತ್ತದೆ. ಪಿ.ಸಿ. ಮಹಾಲನೋಬಿಸ್ ಈ ಅಂತರವನ್ನು 1936ರಲ್ಲಿ ಪ್ರಕಟಿಸಿದಾಗ ಅವರ ಮುಂದಿದ್ದದ್ದು ಗಿಡಗಳಲ್ಲ, ಮನುಷ್ಯರ ದೇಹದ ಅಳತೆಗಳು. ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅದನ್ನು ಬೆಳೆಸಿ, 1952ರ ತಮ್ಮ ಗ್ರಂಥದಲ್ಲಿ ಟೋಚರ್ ಅವರ ಗುಂಪುಗಾರಿಕೆಯ ಕ್ರಮವನ್ನೂ ವಿವರಿಸಿದರು. ಇಂದಿಗೂ ನಮ್ಮ ಪ್ರಬಂಧಗಳಲ್ಲಿ ನಡೆದುಬಂದಿರುವುದು ಆ ಕ್ರಮವೇ.

ಇದರ ನಿಜವಾದ ಬಲವಿರುವುದು ಲಕ್ಷಣಗಳ ನಡುವಿನ ಪರಸ್ಪರ ಸಂಬಂಧವನ್ನು ಅದು ಕಳೆದುಹಾಕುವುದರಲ್ಲಿ. ತಡವಾಗಿ ಹೂ ಬಿಡುವ ರಾಗಿ ಸಾಮಾನ್ಯವಾಗಿ ಎತ್ತರವೂ ಆಗಿರುತ್ತದೆ. ಸಾದಾ ಯೂಕ್ಲಿಡ್ ಅಂತರವನ್ನು ಬಳಸಿದರೆ ಈ ಒಂದೇ ವ್ಯತ್ಯಾಸವನ್ನು ದಿನಗಳ ಲೆಕ್ಕದಲ್ಲಿ ಒಮ್ಮೆ, ಎತ್ತರದ ಲೆಕ್ಕದಲ್ಲಿ ಇನ್ನೊಮ್ಮೆ ಎಣಿಸಿದಂತಾಗುತ್ತದೆ. ಮಹಾಲನೋಬಿಸ್ ಅಂತರದಲ್ಲಿ ಆ ಇಮ್ಮಡಿ ಎಣಿಕೆ ಇಲ್ಲ. ಆದರೆ ಅದಕ್ಕೆ ಬೇಕಾದ ಸಹವ್ಯತ್ಯಯದ (ಲಕ್ಷಣಗಳು ಒಟ್ಟಿಗೆ ಬದಲಾಗುವ ಪ್ರಮಾಣದ) ಅಂದಾಜು ಪುನರಾವರ್ತಿತ ಪ್ರಯೋಗದಿಂದಲೇ ಬರಬೇಕು. ಇನ್ನೂರು ತಳಿಗಳನ್ನು ಮೂರು ಬಾರಿ ಬಿತ್ತಲು ಜಾಗವಿಲ್ಲದ ಕಡೆ ಹೊಸ ತಳಿಗಳನ್ನು ಒಮ್ಮೆ ಮಾತ್ರ ಬಿತ್ತುವ ಆಗ್ಮೆಂಟೆಡ್ ವಿನ್ಯಾಸವನ್ನು ಆರಿಸಿ, ಜಿಪಿಯು 28ರಂತಹ ಪರಿಚಿತ ತಳಿಗಳನ್ನು ಪ್ರತಿ ಬ್ಲಾಕಿನಲ್ಲೂ ಹೋಲಿಕೆಯ ತಳಿಗಳಾಗಿ ಹಾಕುವುದು ವಾಸಿ. ತೆನೆಯ ಆಕಾರ ಮುಷ್ಟಿಯಂತೆ ಬಿಗಿದಿದೆಯೋ ಬಿಚ್ಚಿಕೊಂಡಿದೆಯೋ, ಕಾಳಿನ ಬಣ್ಣ ಬಿಳಿಯೋ ಕಂದೋ ಎಂಬಂತಹ ಲಕ್ಷಣಗಳನ್ನೂ ಸೇರಿಸಿಕೊಳ್ಳಬೇಕಾದರೆ ಮಹಾಲನೋಬಿಸ್ ಅಂತರ ಹೊಂದುವುದಿಲ್ಲ. ಅಲ್ಲಿ ಸಂಖ್ಯೆಯ ಲಕ್ಷಣಗಳನ್ನೂ ಹೆಸರಿನ ಲಕ್ಷಣಗಳನ್ನೂ ಒಟ್ಟಿಗೆ ಒಪ್ಪಿಕೊಳ್ಳುವ, ಗೋವರ್ 1971ರಲ್ಲಿ ಸೂಚಿಸಿದ ಅಂತರವೇ ಸರಿಯಾದ ಆಯ್ಕೆ.

ದೌರ್ಬಲ್ಯಗಳನ್ನೂ ಹೇಳಬೇಕು. ಟೋಚರ್ ಕ್ರಮದಲ್ಲಿ ಬಹುಪಾಲು ತಳಿಗಳು ಒಂದೇ ದೊಡ್ಡ ಗುಂಪಿಗೆ ಬಿದ್ದು, ಉಳಿದವು ಒಂದೊಂದೇ ತಳಿಯ ಒಂಟಿ ಗುಂಪುಗಳಾಗುವುದನ್ನು ಇಂತಹ ಪ್ರಬಂಧಗಳನ್ನು ಓದಿದವರೆಲ್ಲ ಕಂಡಿರುತ್ತಾರೆ. ಅದರ ಬೆನ್ನಿಗೇ, ತಳಿಗಳು ಬಂದ ಊರಿಗೂ ಅವುಗಳ ಆನುವಂಶಿಕ ಅಂತರಕ್ಕೂ ಸಂಬಂಧವಿಲ್ಲ ಎಂಬ ವಾಕ್ಯವೂ ಬರುತ್ತದೆ. ಒಂದೇ ಜಾಗದಲ್ಲಿ, ಒಂದೇ ಹಂಗಾಮಿನಲ್ಲಿ, ಹತ್ತು ಹನ್ನೆರಡು ಲಕ್ಷಣಗಳನ್ನು ಅಳೆದು ಈ ಮಾತನ್ನು ಹೇಳುವುದು ನನಗೆ ಅವಸರದ ತೀರ್ಮಾನವಾಗಿ ಕಾಣುತ್ತದೆ. ದೂರದ ಎರಡು ನಾಡುಗಳ ರೈತರು ಒಂದೇ ಎತ್ತರದ, ಒಂದೇ ಅವಧಿಯ ರಾಗಿಯನ್ನು ಆರಿಸಿಕೊಂಡಿದ್ದರೆ ಆ ತಳಿಗಳು ಹೊಲದಲ್ಲಿ ಹತ್ತಿರದವಾಗಿ ಕಾಣುತ್ತವೆ. ಡಿಎನ್‌ಎ ಮಾರ್ಕರ್‌ಗಳಲ್ಲಿಯಾದರೋ ಆಫ್ರಿಕಾದ ರಾಗಿ ಮತ್ತು ಏಷ್ಯಾದ ರಾಗಿ ಸ್ಪಷ್ಟವಾಗಿ ಎರಡು ಬಳಗಗಳಾಗಿ ಬೇರ್ಪಡುತ್ತವೆ.

ಹಾಗೆಂದು ಹೊಲದ ಅಳತೆಯನ್ನು ಬಿಡಲಾಗದು. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 5,940 ರಾಗಿ ತಳಿಗಳಿಂದ 622 ತಳಿಗಳ ಕೋರ್ ಸಂಗ್ರಹವನ್ನು (ಇಡೀ ಸಂಗ್ರಹದ ವೈವಿಧ್ಯವನ್ನು ಪ್ರತಿನಿಧಿಸುವ ಚಿಕ್ಕ ಆಯ್ಕೆಯನ್ನು) ರೂಪಿಸಿದ್ದು ತಳಿಗಳು ಬಂದ ನೆಲೆ ಮತ್ತು 14 ಪರಿಮಾಣಾತ್ಮಕ ಲಕ್ಷಣಗಳ ಆಧಾರದ ಮೇಲೆಯೇ. ಆಮೇಲೆ ಅದರಿಂದ 80 ತಳಿಗಳ ಮಿನಿ ಕೋರ್ ಹೊರಬಂತು. ಬೆಂಕಿ ರೋಗವನ್ನು ತಡೆದುಕೊಳ್ಳುವ ಶಕ್ತಿ ಯಾವ ತಳಿಗಿದೆ ಎಂಬುದನ್ನೂ ಮೊದಲು ಹೊಲವೇ ಹೇಳಬೇಕು.

ವಂಶಾವಳಿಯ ಲೆಕ್ಕ

ಖರ್ಚಿಲ್ಲದ ವಿಧಾನವಿದು. ಎರಡು ತಳಿಗಳಲ್ಲಿ ಒಂದೇ ಜಾಗದ ಆಲೀಲ್‌ಗಳು (ಜೀನಿನ ಪರ್ಯಾಯ ರೂಪಗಳು) ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವವನ್ನು, 1948ರಲ್ಲಿ ಮಾಲೆಕೋ ವಿವರಿಸಿದ ಗುಣಾಂಕದಿಂದ ಲೆಕ್ಕ ಹಾಕಲಾಗುತ್ತದೆ. ಜಿಪಿಯು 28ನ್ನೇ ನೋಡಬಹುದು. ಅದರ ವಂಶಾವಳಿ ಇಂಡಾಫ್ 5 × (ಇಂಡಾಫ್ 9 × ಐಇ 1012). ಇಂಡಾಫ್ ಎಂಬುದು ಭಾರತ ಮತ್ತು ಆಫ್ರಿಕಾದ ತಳಿಗಳ ಸಂಕರಣದಿಂದ ಬಂದ ತಳಿಗಳ ಸರಣಿ. ಕಾಗದದ ಮೇಲೆ ಇಂಡಾಫ್ 5ರ ಪಾಲು ಶೇಕಡಾ 50, ಉಳಿದೆರಡರದು ಶೇಕಡಾ 25ರಂತೆ. ಆದರೆ ಬೆಂಕಿ ರೋಗ ನಿರೋಧಕತೆಗಾಗಿ ಪೀಳಿಗೆಯಿಂದ ಪೀಳಿಗೆಗೆ ಆಯ್ಕೆ ಮಾಡಿದಾಗ ನಿರೋಧಕ ಜೀನ್ ಇರುವ ವರ್ಣತಂತುವಿನ ಭಾಗದಲ್ಲಿ, ಆ ಜೀನನ್ನು ಕೊಟ್ಟ ಪೂರ್ವಜನ ಪಾಲು ಹೆಚ್ಚಿರಲೇಬೇಕು. ಬೇರೆ ಭಾಗಗಳಲ್ಲಿ ಅದು ಪೂರ್ತಿ ಇಲ್ಲವಾಗಿರಲೂಬಹುದು. ಗುಣಾಂಕಕ್ಕೆ ಈ ಆಯ್ಕೆಯ ಪರಿಣಾಮ ತಿಳಿಯುವುದಿಲ್ಲ. ಇನ್ನೊಂದು ತೊಡಕೆಂದರೆ, ದಾಖಲೆಯ ಆಚೆಗಿನ ಪೂರ್ವಜರೆಲ್ಲ ಪರಸ್ಪರ ನಂಟಿಲ್ಲದವರು ಎಂದು ಈ ಲೆಕ್ಕ ಭಾವಿಸಿಕೊಳ್ಳುತ್ತದೆ. ಇಂಡಾಫ್ 5 ಮತ್ತು ಇಂಡಾಫ್ 9 ಎರಡೂ ಒಂದೇ ಸಂಕರಣ ಕಾರ್ಯಕ್ರಮದ ಕೂಸುಗಳಾದ್ದರಿಂದ ಆ ಭಾವನೆಗೆ ಆಧಾರ ಸಾಲದು. ಬಿಡುಗಡೆಯಾದ ತಳಿಗಳ ತಳಹದಿ ದಶಕದಿಂದ ದಶಕಕ್ಕೆ ಹೇಗೆ ಬದಲಾಯಿತು ಎಂಬುದನ್ನು ಮೊದಲ ನೋಟಕ್ಕೆ ಅಂದಾಜಿಸಲು ವಂಶಾವಳಿ ಸಾಕು. ರೈತರ ನಾಟಿ ತಳಿಗಳ ವಿಷಯದಲ್ಲಿ ದಾಖಲೆಯೇ ಇಲ್ಲದಿರುವುದರಿಂದ ಅಲ್ಲಿ ಇದು ಉಪಯೋಗಕ್ಕೆ ಬಾರದು.

ಮಾರ್ಕರ್‌ಗಳಲ್ಲಿ ಯಾವುದು?

1990ರಲ್ಲಿ ಬಂದ ಆರ್‌ಎಪಿಡಿ ಮಾರ್ಕರ್‌ಗಳನ್ನು ಈಗ ಹೊಸ ಕೆಲಸಕ್ಕೆ ಆರಿಸಿಕೊಳ್ಳಲು ಕಾರಣವಿಲ್ಲ. ಒಂದು ಪ್ರಯೋಗಾಲಯದ ಜೆಲ್‌ನಲ್ಲಿ ಕಂಡ ಡಿಎನ್‌ಎ ಪಟ್ಟಿಗಳು (ಬ್ಯಾಂಡ್‌ಗಳು) ಇನ್ನೊಂದರಲ್ಲಿ ಹಾಗೆಯೇ ಬರುವ ಭರವಸೆ ಇಲ್ಲ. ಪಟ್ಟಿ ಇದೆ ಅಥವಾ ಇಲ್ಲ ಎಂದಷ್ಟೇ ತಿಳಿಯುತ್ತದೆ, ಒಂದು ಜಾಗದಲ್ಲಿ ಎರಡು ಬೇರೆ ಆಲೀಲ್‌ಗಳಿರುವ ಮಿಶ್ರ ಗಿಡವನ್ನು ಶುದ್ಧ ಗಿಡದಿಂದ ಬೇರ್ಪಡಿಸಲಾಗುವುದಿಲ್ಲ. ಎಸ್‌ಎಸ್‌ಆರ್‌ಗಳ ನಡುವಿನ ಭಾಗವನ್ನು ಓದುವ ಐಎಸ್‌ಎಸ್‌ಆರ್ ಮಾರ್ಕರ್‌ಗೂ ಹೆಚ್ಚು ಕಡಿಮೆ ಇದೇ ಮಾತು ಸಲ್ಲುತ್ತದೆ.

ನಿಜವಾದ ಆಯ್ಕೆ ಇರುವುದು ಎಸ್‌ಎಸ್‌ಆರ್ ಮತ್ತು ಎಸ್‌ಎನ್‌ಪಿಗಳ ನಡುವೆ. ಪಿಸಿಆರ್ ಯಂತ್ರ ಮತ್ತು ಜೆಲ್ ವ್ಯವಸ್ಥೆ ಇರುವ ಸಣ್ಣ ಪ್ರಯೋಗಾಲಯಕ್ಕೆ ಎಸ್‌ಎಸ್‌ಆರ್ ಇಂದಿಗೂ ಗೌರವದ ಆಯ್ಕೆಯೇ. ಒಂದೊಂದು ಮಾರ್ಕರ್‌ನಲ್ಲಿ ಹಲವು ಆಲೀಲ್‌ಗಳು ಸಿಗುವುದರಿಂದ, ಎಲ್ಲ ವರ್ಣತಂತುಗಳನ್ನೂ ಮುಟ್ಟುವಂತೆ ಆರಿಸಿದ ಮೂವತ್ತು ನಲವತ್ತು ಮಾರ್ಕರ್‌ಗಳು ದೊಡ್ಡ ಬಳಗಗಳನ್ನು ಬೇರ್ಪಡಿಸಲು ಸಾಕಾಗುತ್ತವೆ. ಸಮಸ್ಯೆ ಬರುವುದು ಹತ್ತಿರದ ನಂಟರನ್ನು ಬೇರ್ಪಡಿಸುವಾಗ. ಒಂದೇ ಸಂಕರಣದಿಂದ ಬಂದ ಎರಡು ಸುಧಾರಿತ ತಳಿಗಳು ನಲವತ್ತು ಮಾರ್ಕರ್‌ಗಳಲ್ಲಿ ಮೂರರಲ್ಲಿ ಮಾತ್ರ ಬೇರೆಯಾಗಿದ್ದರೆ, ಆ ಮೂರರಲ್ಲಿ ಒಂದು ಓದುವ ತಪ್ಪಾಗಿದ್ದರೂ ಫಲಿತಾಂಶ ಅಲ್ಲಾಡುತ್ತದೆ. ನಕಲು ತಳಿಗಳನ್ನು ಹುಡುಕುವುದು ಉದ್ದೇಶವಾಗಿದ್ದರೆ ಸಾವಿರಾರು ಎಸ್‌ಎನ್‌ಪಿಗಳ ಕಡೆಗೇ ಹೋಗಬೇಕು.

2011ರಲ್ಲಿ ಪ್ರಕಟವಾದ ಜಿಬಿಎಸ್ ವಿಧಾನ ಮತ್ತು ಅದರ ಬಂಧುಗಳು ಜೀನೋಮಿನ ಒಂದು ಭಾಗವನ್ನಷ್ಟೇ ಓದಿ ಸಾವಿರಾರು ಎಸ್‌ಎನ್‌ಪಿಗಳನ್ನು ಕೊಡುತ್ತವೆ. ಮಾದರಿಗಳನ್ನು ಹೊರಗಿನ ಸೇವಾ ಪ್ರಯೋಗಾಲಯಕ್ಕೆ ಕಳುಹಿಸಿದರೆ ದತ್ತಾಂಶ ಮರಳಿ ಬರುತ್ತದೆ. ಆದರೆ ನಿಜವಾದ ಕೆಲಸ ಆಗ ಶುರುವಾಗುತ್ತದೆ. ರಾಗಿಯಲ್ಲಿ ಎದುರಾಗುವ ತೊಂದರೆಯನ್ನು ಹತ್ತಿರದಿಂದ ನೋಡಬಹುದು. ಎ ಜೀನೋಮಿನ ಒಂದು ಜಾಗದಲ್ಲಿ ಸಿ ಅಕ್ಷರವೂ ಬಿ ಜೀನೋಮಿನ ಅದೇ ಸಮಾನ ಜಾಗದಲ್ಲಿ ಟಿ ಅಕ್ಷರವೂ ಇದೆ ಎಂದುಕೊಳ್ಳೋಣ. ಓದಿದ ಚಿಕ್ಕ ತುಣುಕುಗಳು ಎರಡೂ ಕಡೆಯಿಂದ ಬಂದು ಒಂದೇ ಜಾಗಕ್ಕೆ ಜೋಡಣೆಯಾದರೆ, ತಂತ್ರಾಂಶ ಅದನ್ನು ಸಿ/ಟಿ ಮಿಶ್ರ ಎಂದು ದಾಖಲಿಸುತ್ತದೆ, ಅದೂ ಇನ್ನೂರಕ್ಕೆ ಇನ್ನೂರು ತಳಿಗಳಲ್ಲೂ. ನಿಜದಲ್ಲಿ ಆ ಜಾಗದಲ್ಲಿ ತಳಿಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲ. ಆದರೂ ಸೂತ್ರಕ್ಕೆ ಹಾಕಿದರೆ ಎರಡು ಆಲೀಲ್‌ಗಳ ಮಾರ್ಕರ್‌ಗೆ ಸಾಧ್ಯವಿರುವ ಗರಿಷ್ಠ ವೈವಿಧ್ಯ, ಅಂದರೆ 0.5, ಬರುತ್ತದೆ. ಇಂತಹ ನೂರಾರು ಮಾರ್ಕರ್‌ಗಳು ಉಳಿದುಕೊಂಡರೆ ಸಂಗ್ರಹದ ಸರಾಸರಿ ವೈವಿಧ್ಯ ಸುಳ್ಳಾಗಿ ಉಬ್ಬುತ್ತದೆ. ಸ್ವಕೀಯ ಪರಾಗಸ್ಪರ್ಶದ ಬೆಳೆಯಲ್ಲಿ ಮಿಶ್ರ ಸ್ಥಿತಿ ವಿರಳವಾಗಿರಬೇಕಾದ್ದರಿಂದ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ತಳಿಗಳು ಮಿಶ್ರವೆಂದು ಕಾಣುವ ಮಾರ್ಕರ್‌ಗಳನ್ನು ಮೊದಲೇ ತೆಗೆದುಹಾಕುವುದು ಸರಳವೂ ಪರಿಣಾಮಕಾರಿಯೂ ಆದ ಉಪಾಯ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಲ್ 365 ತಳಿಯ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಕೀನ್ಯಾದ ಕೆಎನ್‌ಇ 796 ತಳಿಯ, ವರ್ಣತಂತುಗಳ ಮಟ್ಟಕ್ಕೆ ಜೋಡಿಸಿದ ಜೀನೋಮ್ 2023ರಲ್ಲಿ ಬಂತು. ಎ ಮತ್ತು ಬಿ ಬೇರ್ಪಟ್ಟಿರುವ ಇಂತಹ ಆಕರ ಜೀನೋಮಿಗೆ ತುಣುಕುಗಳನ್ನು ಜೋಡಿಸಿದರೆ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಮೊದಲೇ ಆರಿಸಿಟ್ಟ ಎಸ್‌ಎನ್‌ಪಿಗಳ ಚಿಪ್ ಅಥವಾ ಪಟ್ಟಿಯನ್ನು ಬಳಸುವವರು ಇನ್ನೊಂದನ್ನು ಗಮನಿಸಬೇಕು. ಸುಧಾರಿತ ತಳಿಗಳಲ್ಲಿ ವ್ಯತ್ಯಾಸ ತೋರಿದ ಜಾಗಗಳನ್ನು ಆರಿಸಿ ಪಟ್ಟಿ ಮಾಡಿದ್ದರೆ, ನಾಟಿ ತಳಿಗಳಲ್ಲಿ ಮಾತ್ರ ಇರುವ ವ್ಯತ್ಯಾಸಗಳು ಅದರಲ್ಲಿ ಇರುವುದೇ ಇಲ್ಲ. ಫಲಿತಾಂಶದಲ್ಲಿ ನಾಟಿ ತಳಿಗಳಿಗಿಂತ ಸುಧಾರಿತ ತಳಿಗಳೇ ಹೆಚ್ಚು ವೈವಿಧ್ಯಮಯವೆಂದು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಆ ಪಟ್ಟಿಯನ್ನು.

ಸೂತ್ರಗಳ ಆಯ್ಕೆ

ಮಾರ್ಕರ್ ಆರಿಸುವಾಗ ತೋರುವ ಎಚ್ಚರವನ್ನು ಸೂತ್ರ ಆರಿಸುವಾಗ ತೋರುವವರು ಕಡಿಮೆ. ಜೆಲ್‌ನಲ್ಲಿ ಪಟ್ಟಿ ಇದೆ, ಇಲ್ಲ ಎಂಬ ಬಗೆಯ ದತ್ತಾಂಶದಲ್ಲಿ, ಇಪ್ಪತ್ತು ಪಟ್ಟಿಗಳ ಪೈಕಿ 6 ಎರಡೂ ತಳಿಗಳಲ್ಲಿ ಇವೆ, 4 ಯಾವುದಾದರೂ ಒಂದರಲ್ಲಿ ಮಾತ್ರ ಇವೆ, 10 ಎರಡರಲ್ಲೂ ಇಲ್ಲ ಎಂದಿಟ್ಟುಕೊಳ್ಳಿ. ಜಕಾರ್ಡ್ ಸೂತ್ರದಲ್ಲಿ ಸಾಮ್ಯ 0.60, ಡೈಸ್ ಸೂತ್ರದಲ್ಲಿ 0.75, ಸಾದಾ ಹೊಂದಿಕೆಯ ಸೂತ್ರದಲ್ಲಿ 0.80. ದತ್ತಾಂಶ ಒಂದೇ. ಎರಡರಲ್ಲೂ ಇಲ್ಲದಿರುವುದನ್ನು ಸಾಮ್ಯವೆಂದು ಎಣಿಸಬೇಕೇ ಬೇಡವೇ, ಎರಡರಲ್ಲೂ ಇರುವುದಕ್ಕೆ ಇಮ್ಮಡಿ ತೂಕ ಕೊಡಬೇಕೇ ಬೇಡವೇ ಎಂಬುದರ ಮೇಲೆ ಈ ಸಂಖ್ಯೆಗಳು ನಿಲ್ಲುತ್ತವೆ. ಆರ್‌ಎಪಿಡಿಯಂತಹ ಪ್ರಬಲ ಮಾರ್ಕರ್‌ಗಳಲ್ಲಿ ಪಟ್ಟಿ ಇಲ್ಲದಿರಲು ಬೇರೆ ಬೇರೆ ಕಾರಣಗಳಿರುವುದರಿಂದ ಅಲ್ಲಿ ಜಕಾರ್ಡ್ ಅಥವಾ ಡೈಸ್ ಬಳಸುವುದು ಸೂಕ್ತ; ಎಸ್‌ಎನ್‌ಪಿಯಲ್ಲಿ ಎರಡೂ ಅಕ್ಷರಗಳು ನೇರವಾಗಿ ತಿಳಿಯುವುದರಿಂದ ಸಾದಾ ಹೊಂದಿಕೆಯೇ ಸಾಕು.

ಸಂಗ್ರಹದ ಒಟ್ಟು ವೈವಿಧ್ಯಕ್ಕೆ ನೇಯಿ 1973ರಲ್ಲಿ ಕೊಟ್ಟ ಜೀನ್ ವೈವಿಧ್ಯದ ಸೂತ್ರ ಹೆಚ್ಚು ಬಳಕೆಯಲ್ಲಿದೆ: ಪ್ರತಿ ಆಲೀಲ್‌ನ ಆವರ್ತನದ ವರ್ಗಗಳ ಮೊತ್ತವನ್ನು ಒಂದರಿಂದ ಕಳೆಯುವುದು. ಸ್ವಕೀಯ ಪರಾಗಸ್ಪರ್ಶದ ಬೆಳೆಗೂ ಇದು ಹೊಂದುತ್ತದೆ, ಏಕೆಂದರೆ ಗಿಡಗಳು ಮಿಶ್ರವಾಗಿರಬೇಕೆಂಬ ನಿಬಂಧನೆ ಇದಕ್ಕಿಲ್ಲ. ಆದರೆ ಎಸ್‌ಎಸ್‌ಆರ್‌ನಿಂದ ಬಂದ 0.6ನ್ನು ಎಸ್‌ಎನ್‌ಪಿಯಿಂದ ಬಂದ 0.3ರ ಜೊತೆ ಇಟ್ಟು ವೈವಿಧ್ಯ ಅರ್ಧಕ್ಕಿಳಿಯಿತು ಎನ್ನುವುದು ಅರ್ಥಹೀನ. ಎಸ್‌ಎನ್‌ಪಿಗೆ 0.5ರ ಮಿತಿ ಇದೆ. ಮಾರ್ಕರ್ ಎಷ್ಟು ಮಾಹಿತಿ ಕೊಡುತ್ತದೆ ಎಂದು ಹೇಳುವ ಪಿಐಸಿ ಎಂಬ ಇನ್ನೊಂದು ಸೂಚಕದಲ್ಲಿ ಆ ಮಿತಿ 0.375. ಈ ಅಳತೆಯ ಮೆಟ್ಟಿಲುಗಳೂ ಸಮನಾಗಿಲ್ಲ. ಸಮ ಆವರ್ತನದ ಹತ್ತು ಆಲೀಲ್‌ಗಳಿದ್ದರೆ ಮೌಲ್ಯ 0.9, ಐದಿದ್ದರೆ 0.8. ನೋಡಲು ಸಣ್ಣ ಇಳಿಕೆ, ಆದರೆ ಅರ್ಧದಷ್ಟು ಆಲೀಲ್‌ಗಳು ಹೋಗಿವೆ. ಕಾಲಾನುಕ್ರಮದ ಹೋಲಿಕೆಗೆ ಒಂದನ್ನು ಆವರ್ತನಗಳ ವರ್ಗಗಳ ಮೊತ್ತದಿಂದ ಭಾಗಿಸಿ ಪಡೆಯುವ ಪರಿಣಾಮಕಾರಿ ಆಲೀಲ್ ಸಂಖ್ಯೆಯನ್ನು ಕೊಡುವುದು ಹೆಚ್ಚು ಪ್ರಾಮಾಣಿಕ. ಶಾನನ್ ಸೂಚ್ಯಂಕವು ವಿರಳ ವರ್ಗಗಳಿಗೆ ತುಸು ಹೆಚ್ಚು ತೂಕ ಕೊಡುವುದರಿಂದ, ರೈತರ ಹೊಲದ ಮಿಶ್ರಣದಲ್ಲಿ ತೆನೆಯ ಆಕಾರ, ಕಾಳಿನ ಬಣ್ಣ ಮೊದಲಾದವುಗಳನ್ನು ಎಣಿಸಿದ ದತ್ತಾಂಶಕ್ಕೆ ಅದು ಒಪ್ಪುತ್ತದೆ.

ವೃಕ್ಷಚಿತ್ರದ ಬಗ್ಗೆ ಒಂದು ಮಾತು. ಗುಂಪುಗಳೇ ಇಲ್ಲದ ದತ್ತಾಂಶವನ್ನು ಕೊಟ್ಟರೂ ಸರಾಸರಿ ಅಂತರದಿಂದ ತಳಿಗಳನ್ನು ಜೋಡಿಸುವ ಯುಪಿಜಿಎಂಎ ಕ್ರಮವು ಗುಂಪುಗಳನ್ನು ಬಿಡಿಸಿ ಕೊಡುತ್ತದೆ. ತಳಿಗಳನ್ನು ಬಿಂದುಗಳಾಗಿ ತೋರಿಸುವ ಪ್ರಧಾನ ಘಟಕಗಳ ನಕ್ಷೆಯನ್ನೂ ಪಕ್ಕದಲ್ಲಿಟ್ಟು, ಎರಡರಲ್ಲೂ ಉಳಿಯುವ ಗುಂಪುಗಳನ್ನು ಮಾತ್ರ ನಂಬುವುದು ಲೇಸು.

ಎಷ್ಟು ಗಿಡಗಳು?

ಶೇಕಡಾ 5ರ ಆವರ್ತನದಲ್ಲಿರುವ ಆಲೀಲ್ ಒಮ್ಮೆಯಾದರೂ ಮಾದರಿಯಲ್ಲಿ ಸಿಗುವ ಸಂಭವ ಶೇಕಡಾ 95 ಇರಬೇಕಾದರೆ 59 ಸ್ವತಂತ್ರ ಪ್ರತಿಗಳನ್ನು ನೋಡಬೇಕು. ಶೇಕಡಾ 10ರ ಆಲೀಲ್‌ಗೆ 29 ಸಾಕು. ರಾಗಿಯ ಗಿಡದಲ್ಲಿ ಎರಡೂ ಪ್ರತಿಗಳು ಸಾಮಾನ್ಯವಾಗಿ ಒಂದೇ ಆಗಿರುವುದರಿಂದ 59 ಪ್ರತಿ ಎಂದರೆ 59 ಗಿಡಗಳೇ. ಶುದ್ಧ ತಳಿಗೆ ಒಂದು ಗಿಡ ಸಾಕು. ಕರಿಕಡ್ಡಿ, ಉಂಡೆ ರಾಗಿ ಮೊದಲಾದ ಹೆಸರಿನಲ್ಲಿ ರೈತರಿಂದ ಬಂದ ಬೀಜಕ್ಕೆ ಒಂದು ಗಿಡದ ಡಿಎನ್‌ಎ ತೆಗೆದರೆ, ಆ ಹೆಸರಿನ ಒಳಗಿರುವ ಹಲವು ವಂಶಗಳಲ್ಲಿ ಒಂದನ್ನಷ್ಟೇ ನೋಡಿದಂತಾಗುತ್ತದೆ. ಹತ್ತು ಗಿಡಗಳ ಎಲೆಗಳನ್ನು ಒಟ್ಟಿಗೆ ಅರೆದು ಓದಿದರೆ ಹೆಚ್ಚು ಆಲೀಲ್‌ಗಳು ಕಾಣುತ್ತವೆಯಾದರೂ ಮಿಶ್ರಣವು ಗಿಡಗಳ ನಡುವಿನದೋ, ಗಿಡದ ಒಳಗಿನದೋ, ಮೇಲೆ ಹೇಳಿದ ಎ ಮತ್ತು ಬಿ ಗೊಂದಲವೋ ಎಂದು ತಿಳಿಯಲು ದಾರಿ ಉಳಿಯುವುದಿಲ್ಲ. ಹಣ ಕಡಿಮೆಯಿದ್ದರೆ ಹೆಸರುಗಳ ಸಂಖ್ಯೆಯನ್ನು ತಗ್ಗಿಸಿ, ಪ್ರತಿ ಹೆಸರಿನ ಗಿಡಗಳನ್ನು ಬಿಡಿಬಿಡಿಯಾಗಿ ಓದುವುದು ನನ್ನ ಶಿಫಾರಸು.

ಕೆಲಸಕ್ಕೆ ತಕ್ಕ ಆಯ್ಕೆ

ಸಂಕರಣಕ್ಕೆ ತಳಿಗಳನ್ನು ಆರಿಸುವಾಗ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗಿದೆ. ರಾಗಿಯ ಹೂ ಬಹಳ ಚಿಕ್ಕದು. ಕೈಯಿಂದ ಪುಂಕೇಸರ ತೆಗೆಯುವುದು ಕಷ್ಟ. ಎರಡು ತಳಿಗಳ ತೆನೆಗಳನ್ನು ಒಟ್ಟಿಗೆ ಕಟ್ಟಿ, ನೇರಳೆ ಬಣ್ಣದಂತಹ ಪ್ರಬಲ ಲಕ್ಷಣದ ನೆರವಿನಿಂದ ಸಂಕರ ಸಸಿಗಳನ್ನು ಹೆಕ್ಕುವ ಸಂಪರ್ಕ ವಿಧಾನವೇ ಬಹುಕಾಲ ನಡೆದುಬಂದಿದೆ. ಇಷ್ಟು ಶ್ರಮವಿರುವಾಗ ಕೆಲವೇ ಸಂಕರಣಗಳು ಸಾಧ್ಯ, ಆದ್ದರಿಂದ ಆಯ್ಕೆ ಬಿಗಿಯಾಗಿರಬೇಕು. ಒಂದು ಸಂಕರಣದ ಉಪಯುಕ್ತತೆ ಅದರ ಸಂತಾನದ ಸರಾಸರಿ ಮತ್ತು ಹರವು ಎರಡನ್ನೂ ಅವಲಂಬಿಸಿದೆ. ಅಂತರವು ಹರವಿನ ಬಗ್ಗೆ ಮಾತ್ರ ಸುಳಿವು ಕೊಡುತ್ತದೆ. ಸರಾಸರಿಯನ್ನು ತಂದೆ ತಾಯಿಗಳ ಇಳುವರಿಯೇ ಹೇಳಬೇಕು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಸೇರಿಸಿ ಇಂಡಾಫ್ ಸರಣಿಯನ್ನು ರೂಪಿಸಿದಾಗ ಡಿಎನ್‌ಎ ಮಾರ್ಕರ್‌ಗಳು ಇರಲಿಲ್ಲ. ಆದರೂ ಆಫ್ರಿಕಾದ ತಳಿಗಳ ದಪ್ಪ ತೆನೆಯನ್ನೂ ಇಲ್ಲಿನ ಹವೆಗೆ ಒಗ್ಗಿದ ತಳಿಗಳ ಹೊಂದಾಣಿಕೆಯನ್ನೂ ಒಟ್ಟುಗೂಡಿಸುವ ಆಯ್ಕೆ ಫಲ ಕೊಟ್ಟಿತು. ಇಂದು ಅದೇ ಕೆಲಸ ಮಾಡುವವರು ಇಳುವರಿ ಮತ್ತು ರೋಗ ನಿರೋಧಕತೆಯಿಂದ ಇಪ್ಪತ್ತು ತಳಿಗಳನ್ನು ಮೊದಲು ಸೋಸಿಕೊಂಡು, ಆ ಇಪ್ಪತ್ತರ ಒಳಗೆ ಮಾತ್ರ ಮಾರ್ಕರ್ ಅಂತರವನ್ನು ನೋಡಬೇಕು.

ಜೀನ್ ಬ್ಯಾಂಕಿನ ನಕಲು ಪತ್ತೆಗೆ ಎಸ್‌ಎನ್‌ಪಿ. ಕೋರ್ ಸಂಗ್ರಹಕ್ಕೆ ಎಸ್‌ಎನ್‌ಪಿಯ ಜೊತೆಗೆ ಹೊಲದ ಲಕ್ಷಣಗಳು. ಬಿಡುಗಡೆಯಾದ ತಳಿಗಳ ಚರಿತ್ರೆಗೆ ಮೊದಲು ವಂಶಾವಳಿ, ಆಮೇಲೆ ಅದನ್ನು ಪರೀಕ್ಷಿಸಲು ಎಸ್‌ಎಸ್‌ಆರ್ ಅಥವಾ ಎಸ್‌ಎನ್‌ಪಿ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ತಳಿಯನ್ನು ನೋಂದಾಯಿಸುವುದು ಗುರಿಯಾಗಿದ್ದರೆ, ಅಲ್ಲಿ ಭಿನ್ನತೆ, ಏಕರೂಪತೆ, ಸ್ಥಿರತೆಗಳ ಪರೀಕ್ಷೆ ಹೊಲದ ಲಕ್ಷಣಗಳ ಮೇಲೆಯೇ ನಡೆಯುವುದರಿಂದ, ಮಾರ್ಕರ್ ದತ್ತಾಂಶ ಎಷ್ಟಿದ್ದರೂ ಆ ಪರೀಕ್ಷೆ ತಪ್ಪುವುದಿಲ್ಲ.

ಪರಕೀಯ ಪರಾಗಸ್ಪರ್ಶದ ಬೆಳೆಗಳಿಗೆ ಇದೆಲ್ಲ ಹಾಗೆಯೇ ಅನ್ವಯಿಸುವುದಿಲ್ಲ. ಮೆಕ್ಕೆಜೋಳದ ಒಂದು ನಾಟಿ ತಳಿಯ ಬಹುಪಾಲು ವೈವಿಧ್ಯ ಆ ತಳಿಯ ಒಳಗೇ ಇರುತ್ತದೆ. ಗಿಡವೊಂದರಲ್ಲಿ ಎರಡು ಸ್ವತಂತ್ರ ಪ್ರತಿಗಳಿರುವುದರಿಂದ ಸುಮಾರು 30 ಗಿಡಗಳು ಸಾಕು, ಮಿಶ್ರ ಸ್ಥಿತಿ ಅಲ್ಲಿ ದೋಷವಲ್ಲ, ಮಾಹಿತಿ. ಕಲಬುರಗಿಯ ತೊಗರಿ ಇವೆರಡರ ನಡುವೆ ನಿಲ್ಲುತ್ತದೆ. ಜೇನುನೊಣಗಳು ಒಂದು ಸಾಲಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದರಿಂದ, ಬಲೆಯ ರಕ್ಷಣೆ ಇಲ್ಲದೆ ಬೀಜ ಹೆಚ್ಚಿಸಿದ ಸಂಗ್ರಹದಲ್ಲಿ ಒಂದೇ ಸಂಖ್ಯೆಯ ತಳಿ ಎರಡು ವರ್ಷಗಳಲ್ಲಿ ಎರಡು ಫಲಿತಾಂಶ ಕೊಡಬಹುದು. ತೊಗರಿಯಲ್ಲಿ ವೈವಿಧ್ಯ ಅಳೆಯಲು ಹೊರಟವರು ಮಾರ್ಕರ್‌ಗಳ ಬೆಲೆಪಟ್ಟಿಯನ್ನು ತರಿಸುವ ಮೊದಲು, ಬೀಜವನ್ನು ಬಲೆಯೊಳಗೆ ಬೆಳೆಸಲಾಗಿತ್ತೇ ಎಂದು ಸಂಗ್ರಹದ ದಾಖಲೆಯಲ್ಲಿ ನೋಡಿಕೊಳ್ಳಬೇಕು.